ಇಪ್ಪತ್ಮೂರನೇ ವಾಲ್ವು

ಅವನು ಈ ಊರಿಗೆ ಬಂದಿಳಿದ ದಿನವೇ ಮೂವತ್ತೇಳು ವಾಲ್ವುಗಳನ್ನು ವಶಕ್ಕೆ ಪಡೆದಿದ್ದೇನೆಂದು ಸಹಿ ಹಾಕಿದ. ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ನೀರು ಸರಬರಾಜು ಕಚೇರಿಯ ಗುಮಾಸ್ತ ಕಾಗದವನ್ನು ಮುಂದೆ ತಳ್ಳಿ, "ಸಹಿ ಹಾಕಿದರೆ ಕೀಲಿ ಕೊಡ್ತೀನಿ," ಅಂದ.

"ವಾಲ್ವು ಎಲ್ಲಿವೆ ಸಾರ್?"

"ಊರಲ್ಲಿ."

"ಊರಲ್ಲಿ ಎಲ್ಲಿ?"

"ನೆಲದ ಕೆಳಗೆ. ಮೇಲಿದ್ದರೆ ನಿನ್ನನ್ನ ಯಾಕೆ ಕರೆಸ್ತಿದ್ವಿ?"

ಸಹಿ ಬಿತ್ತು, ಕೀಲಿ ಕೈಗೆ ಬಂತು. ಕೀಲಿ ಅಂದರೆ ಜೇಬಿಗೆ ಹಾಕುವ ಕೀಲಿಯಲ್ಲ. ಎದೆಮಟ್ಟದ ಕಬ್ಬಿಣದ ಕೋಲು, ಮೇಲೆ ಹಿಡಿಯಲು ಅಡ್ಡಪಟ್ಟಿ, ಕೆಳಗೆ ಚೌಕದ ಬಾಯಿ. ರಸ್ತೆಯ ಕೆಳಗಿನ ಗುಂಡಿಯ ಮುಚ್ಚಳ ಎತ್ತಿ, ಕೋಲನ್ನು ಇಳಿಬಿಟ್ಟು, ವಾಲ್ವಿನ ತಲೆಗೆ ಕೂರಿಸಿ ತಿರುಗಿಸಬೇಕು. ಈ ಬೀದಿಗೆ ಎರಡು ಗಂಟೆ, ಆ ಬೀದಿಗೆ ಎರಡು ಗಂಟೆ. ಅವನು ತನ್ನ ಸಣ್ಣ ಊರಲ್ಲಿ ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ್ದ. ಅಲ್ಲಿದ್ದದ್ದು ಒಂಬತ್ತು ವಾಲ್ವು, ಅವುಗಳ ಜೊತೆ ಮಾತಾಡುತ್ತಿದ್ದನಂತೆ. ಆ ಊರಿನ ನೀರಿನ ಕಚೇರಿಯನ್ನು ಇಲ್ಲಿಗೆ ಸೇರಿಸಿ, ಅವನಿದ್ದ ಸರ್ಕಾರಿ ಮನೆಯನ್ನು ಕೆಡವಿ, ಅವನನ್ನು ಇಲ್ಲಿಗೆ ಅಟ್ಟಿದ್ದರು. ಮೂರು ತಿಂಗಳ ಗಡುವು. ಅಷ್ಟರೊಳಗೆ ಮೂವತ್ತೇಳೂ ವಾಲ್ವುಗಳನ್ನು ಇಂಜಿನಿಯರ್ ಎದುರಿಗೆ ತೆರೆದು ಮುಚ್ಚಿ ತೋರಿಸಿದರೆ ಕೆಲಸ ಖಾಯಂ. ಒಂದು ಕಡಿಮೆಯಾದರೂ ಮನೆಗೆ. ಆದರೆ ಮನೆಯನ್ನು ಕೆಡವಿ ಆಗಿತ್ತಲ್ಲ.

ಅವನ ಹೆಂಡತಿ ಇದನ್ನು ಅವನಿಗಿಂತ ಬೇಗ ಅರ್ಥ ಮಾಡಿಕೊಂಡಳು. ಪಾತ್ರೆಪಗಡಗಳ ದೊಡ್ಡ ಗಂಟನ್ನು ಗೋಡೆಗೆ ಒರಗಿಸಿ, "ಖಾಯಂ ಆಗೋವರೆಗೆ ಇದನ್ನ ಬಿಚ್ಚಲ್ಲ ಕಣ್ರೀ. ಎರಡೆರಡು ಸಲ ಕಟ್ಟೋಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ," ಅಂದಳು. ಒಂದು ಪಾತ್ರೆ, ಮೂರು ಲೋಟ, ಎರಡು ಕೊಡ ಮಾತ್ರ ಹೊರಗಿದ್ದವು. ಮೂರನೇ ಲೋಟ ಅವಳ ತಾಯಿಯದು.

ಬಾಡಿಗೆಗೆ ಸಿಕ್ಕಿದ ಎರಡು ಕೋಣೆಗಳು ಮೇಲ್ಬೀದಿಯಲ್ಲಿದ್ದವು. ಕೆಳಬೀದಿಯಿಂದ ಅರವತ್ತೆರಡು ಮೆಟ್ಟಿಲು. ಮೊದಲ ಬೆಳಗ್ಗೆ ಅತ್ತೆ ನಲ್ಲಿ ತಿರುಗಿಸಿದಳು. ನಲ್ಲಿ ಒಮ್ಮೆ ಉಸಿರೆಳೆದು ಸುಮ್ಮನಾಯಿತು. ಪಕ್ಕದ ಮನೆಯಾಕೆ ಬಾಗಿಲಿಂದಲೇ, "ಇಲ್ಲಿ ನೀರು ಬರಲ್ಲಮ್ಮ. ಕೆಳಬೀದಿಯಲ್ಲಿ ದಿನವಿಡೀ ಬರುತ್ತೆ, ಅಲ್ಲಿಂದ ಹೊತ್ಕೊಂಡು ಬನ್ನಿ," ಅಂದಳು.

ಅತ್ತೆ ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಅಳಿಯಂದಿರು ಇಡೀ ಊರಿಗೆ ನೀರು ಬಿಡೋ ಅಧಿಕಾರಿಗಳು. ಬನ್ನಿ, ಒಂದು ಕೊಡ ನೀವೂ ಹಿಡ್ಕೊಳ್ಳಿ."

ಈ ಕತೆಯಲ್ಲಿ ನನ್ನ ಪಾಲಿನ ತಪ್ಪೂ ಇದೆ, ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಮೂವತ್ತು ವರ್ಷದ ಹಿಂದೆ ಈ ಊರಿನ ನೀರು ಕಾರ್ಮಿಕರ ಸಂಘಕ್ಕೆ ನಾನು ಅಧ್ಯಕ್ಷ. ಮುಷ್ಕರ ಹೂಡಿದೆವು. ಕಚೇರಿಯವರು ಹೊರಗಿನವರನ್ನು ಕರೆಸಿ, ಪೊಲೀಸರ ಕಾವಲಿನಲ್ಲಿ ವಾಲ್ವು ತಿರುಗಿಸಲು ಹೊರಟರು. ಆ ರಾತ್ರಿಯೇ ಸಭೆ ಕೂರಿಸಿ ಠರಾವು ಮಾಡಿದೆವು: ಯಾವ ವಾಲ್ವು ಎಲ್ಲಿದೆಯೆಂದು ಸಂಘದ ಯಾವ ಸದಸ್ಯನೂ ಬರೆಯತಕ್ಕದ್ದಲ್ಲ, ಬಾಯಿಬಿಡತಕ್ಕದ್ದಲ್ಲ. ಬೆಳಗಾಗುವಷ್ಟರಲ್ಲಿ ಊರಿನ ಮುಚ್ಚಳಗಳೆಲ್ಲ ಮಾಯ. ಒಂದರ ಮೇಲೆ ಡಾಂಬರು ಸುರಿದಿತ್ತು, ಇನ್ನೊಂದರ ಮೇಲೆ ಹೂವಿನ ಕುಂಡ ಬಂದಿತ್ತು, ಮತ್ತೊಂದರ ಮೇಲೆ ನಾಯಿಗೂಡು, ಒಳಗೆ ನಿಜವಾದ ನಾಯಿ. ಹೊರಗಿನವರು ಹನ್ನೊಂದು ದಿನ ಕೋಲು ಹಿಡಿದು ಅಲೆದು ವಾಪಸು ಹೋದರು. ನಾವು ಗೆದ್ದೆವು. ಗೆದ್ದವರು ಮನೆಗೆ ಹೋಗಿ ಮಲಗಿದರು. ಠರಾವನ್ನು ಹಿಂದಕ್ಕೆ ಪಡೆಯಬೇಕು ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಹಾಗಾಗಿ ಮೂವತ್ತು ವರ್ಷ ಈ ಊರಿನ ವಾಲ್ವುಗಳು ಒಬ್ಬ ಮನುಷ್ಯನ ತಲೆಯೊಳಗೆ ಮಾತ್ರ ಇದ್ದವು. ಅವನು ಹಳೆಯ ವಾಲ್ವ್‌ಮನ್. ಒದ್ದೆ ಗುಂಡಿಗಳಲ್ಲಿ ನಿಂತು ನಿಂತು ಎದೆಗೆ ಕೆಮ್ಮು ಕೂತು, ಊರೆಲ್ಲ ಅವನನ್ನು ಕೆಮ್ಮಜ್ಜ ಅನ್ನುತ್ತಿತ್ತು. ಅವನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಎರಡು ವರ್ಷ ಯಾವ ವಾಲ್ವನ್ನೂ ಯಾರೂ ಮುಟ್ಟಿರಲಿಲ್ಲ. ತೆರೆದಿದ್ದದ್ದು ತೆರೆದೇ ಇತ್ತು, ಮುಚ್ಚಿದ್ದದ್ದು ಮುಚ್ಚಿಯೇ ಇತ್ತು. ಜನ ಇದು ಸರ್ಕಾರದ ಧೋರಣೆ ಅಂದುಕೊಂಡಿದ್ದರು.

ಕಚೇರಿಯಲ್ಲಿ ಒಂದು ನಕ್ಷೆ ಇತ್ತು. ಮುಷ್ಕರದ ಕಾಲದಲ್ಲಿ ಮೇಜಿನ ಮುಂದೆ ಕೂತ ಯಾರೋ ಇಂಜಿನಿಯರ್ ಅಂದಾಜಿನಲ್ಲಿ ಬರೆದದ್ದು. ಅದರ ಪ್ರಕಾರ ಇಪ್ಪತ್ಮೂರನೇ ವಾಲ್ವು ಗಡಿಯಾರದ ಗೋಪುರದ ಒಳಗಿತ್ತು. ಪಾಪ, ಇವನು ಕೋಲು ಹೊತ್ತು ಗೋಪುರ ಹತ್ತಿದ. ಮೇಲೆ ಗಡಿಯಾರಕ್ಕೆ ಎಣ್ಣೆ ಹಾಕುವವನಿದ್ದ. "ಇಲ್ಲಿ ನೀರಿನ ವಾಲ್ವು ಇದೆಯಾ?" ಅಂತ ಕೇಳಿದ. ಎಣ್ಣೆಯವನು ಗಂಭೀರವಾಗಿ ಸುತ್ತಲೂ ನೋಡಿ, "ಹೋದ ವಾರ ಇರಲಿಲ್ಲ," ಅಂದ.

ಕೊನೆಗೆ ಯಾರೋ ದಾರಿ ತೋರಿಸಿ, ನನ್ನ ಮನೆ ಬಾಗಿಲಿಗೆ ಬಂದ. ಕೋಲನ್ನು ಹೊಸ್ತಿಲಿಗೆ ಒರಗಿಸಿ, ಕೈಕಟ್ಟಿ ನಿಂತ. ಕುಳ್ಳು ಮನುಷ್ಯ, ದಪ್ಪ ಮಣಿಕಟ್ಟು, ಸೊಂಟದಿಂದ ಮೇಲೆ ಸ್ವಲ್ಪ ಬಲಕ್ಕೆ ತಿರುಚಿಕೊಂಡ ಮೈ. ಇಪ್ಪತ್ತೆರಡು ವರ್ಷ ತಿರುಗಿಸಿದ್ದರ ಗುರುತು.

"ಅಧ್ಯಕ್ಷರೇ, ಆ ಠರಾವು ವಾಪಸ್ ತಗೊಳ್ಳಿ. ಅಜ್ಜ ಬಾಯಿ ಬಿಡ್ತಿಲ್ಲ. ಸಂಘ ಹೇಳಿದರೆ ಮಾತ್ರ ಹೇಳ್ತೀನಿ ಅಂತಾನೆ."

"ಸಂಘ ಎಲ್ಲಿದೆ ಈಗ?"

"ನೀವೇ ಅಲ್ವಾ?"

ಸರಿ, ಸರ್ವಸದಸ್ಯರ ಸಭೆ ಕರೆದೆ. ಬದುಕಿದ್ದ ಸರ್ವ ಸದಸ್ಯರು ಮೂವರು: ನಾನು, ಕೆಮ್ಮಜ್ಜ, ಪಂಪ್‌ಹೌಸಿನಲ್ಲಿ ದುಡಿದು ಕಿವುಡಾದ ಒಬ್ಬ. ಕೋರಂ ಹನ್ನೊಂದು. ಕೋರಂ ಇಲ್ಲದ್ದರಿಂದ ನಿಯಮದಂತೆ ಸಭೆಯನ್ನು ಅರ್ಧ ಗಂಟೆ ಮುಂದೂಡಿದೆ. ಮೂವರೂ ಅಲ್ಲೇ ಕೂತು ಗೋಡೆ ನೋಡಿದೆವು. ಅರ್ಧ ಗಂಟೆಯ ನಂತರ ಹಾಜರಿದ್ದವರೇ ಕೋರಂ ಎಂದು ಘೋಷಿಸಿದೆ. ಠರಾವು ಹಿಂಪಡೆಯುವುದನ್ನು ಮತಕ್ಕೆ ಹಾಕಿದೆ. ಕೆಮ್ಮಜ್ಜ ವಿರೋಧವಾಗಿ ಕೈ ಎತ್ತಿದ. ಕಿವುಡ ಪರವಾಗಿ ಕೈ ಎತ್ತಿದ, ಯಾವುದರ ಪರ ಅಂತ ಅವನಿಗೆ ಗೊತ್ತಿರಲಿಲ್ಲ. ಒಂದಕ್ಕೊಂದು ಸಮ. ಈಗ ಅಧ್ಯಕ್ಷನ ನಿರ್ಣಾಯಕ ಓಟು.

"ಸಂಘ ಒಟ್ಟಾಗಿ ಮಾಡಿದ ತೀರ್ಮಾನವನ್ನು ಒಂದು ಓಟಿನಲ್ಲಿ ಮುರಿಯುವ ಅಧ್ಯಕ್ಷ ನಾನಲ್ಲ. ನನ್ನ ಓಟನ್ನು ಕಾಯ್ದಿರಿಸಿದ್ದೇನೆ," ಅಂದೆ.

ಮಾತು ದೊಡ್ಡದಾಗಿತ್ತು. ಅದರ ಹಿಂದಿನ ಸಂಗತಿ ಸಣ್ಣದು. ನಾನಿರುವುದು ಕೆಳಬೀದಿಯಲ್ಲಿ. ಕೆಮ್ಮಜ್ಜ ಇರುವುದೂ ಕೆಳಬೀದಿಯಲ್ಲಿ. ಇಪ್ಪತ್ಮೂರನೇ ವಾಲ್ವು ಕೆಳಬೀದಿಯದು. ಮುಷ್ಕರದ ದಿನ ಪೂರ್ತಿ ತೆರೆದುಕೊಂಡದ್ದು ಆಮೇಲೆ ಮುಚ್ಚಿರಲೇ ಇಲ್ಲ. ಅದಕ್ಕೇ ನಮಗೆ ದಿನವಿಡೀ ನೀರು, ಅದಕ್ಕೇ ಮೇಲ್ಬೀದಿಗೆ ಏರುವಷ್ಟು ಒತ್ತಡ ಪೈಪಿನಲ್ಲಿ ಉಳಿಯುತ್ತಿರಲಿಲ್ಲ. ಅದು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಬಚ್ಚಲಲ್ಲಿ ನೀರು ಸುರಿಯುತ್ತಿರುವಾಗ ವಾಲ್ವು ಎಲ್ಲಿದೆ ಅಂತ ಯಾವ ಬಡ್ಡಿಮಗ ಕೇಳುತ್ತಾನೆ?

ಹೊಸಬನ ಮುಖ ಸಣ್ಣಗಾಯಿತು. ಕೆಮ್ಮಜ್ಜ ಅದನ್ನು ನೋಡಿದ. ಅವನಿಗೂ ಹೊಟ್ಟೆಯಲ್ಲಿ ಕರುಳಿತ್ತು. ಬೇರೆ ಬೀದಿಗಳ ವಿಷಯದಲ್ಲಿ ಮಾತ್ರ.

"ಅಧ್ಯಕ್ಷರೇ, ಠರಾವಿನಲ್ಲಿ ಬರೆಯಬಾರದು, ಬಾಯಿಬಿಡಬಾರದು ಅಂತಿದೆ. ಕೆಮ್ಮಬಾರದು ಅಂತ ಎಲ್ಲಾದರೂ ಇದೆಯಾ?"

ಓದಿ ನೋಡಿದೆ. ಇರಲಿಲ್ಲ.

ಮರುದಿನದಿಂದ ಇಬ್ಬರೂ ಊರು ಸುತ್ತಲು ಹೊರಟರು. ಅಜ್ಜ ಮುಂದೆ, ಕೋಲು ಹೊತ್ತವನು ಹಿಂದೆ. ವಾಲ್ವು ಇರುವ ಜಾಗಕ್ಕೆ ಬಂದಾಗ ಅಜ್ಜ ಕೆಮ್ಮಬೇಕು, ಇವನು ಅಲ್ಲಿ ಗುರುತು ಹಾಕಬೇಕು. ಒಂದೇ ತೊಡಕು: ಅಜ್ಜನಿಗೆ ಎರಡು ನಿಮಿಷ ಕೆಮ್ಮದೆ ಇರಲು ಬರುವುದಿಲ್ಲ. ಮೊದಲ ದಿನ ಹನ್ನೊಂದು ಕಡೆ ರಸ್ತೆ ಅಗೆದ. ಎರಡು ಕಡೆ ವಾಲ್ವು ಸಿಕ್ಕಿತು, ಒಂಬತ್ತು ಕಡೆ ಬರೀ ಕೆಮ್ಮು. ಅಂಚೆ ಕಚೇರಿಯ ಮುಂದೆ ಅಗೆದ ಗುಂಡಿಗೆ ಅಂಚೆಯವನ ಸೈಕಲ್ಲು ಬಿತ್ತು.

"ಅಜ್ಜಾ, ಯಾವ ಕೆಮ್ಮು ನಿಜವಾದ್ದು?"

"ಎಲ್ಲಾ ನಿಜವಾದ್ದೇ ತಮ್ಮಾ. ಸುಳ್ಳು ಕೆಮ್ಮಿದ್ದರೆ ಡಾಕ್ಟರಿಗೆ ಯಾಕೆ ದುಡ್ಡು ಸುರೀತಿದ್ದೆ?"

ಹತ್ತು ದಿನದಲ್ಲಿ ಅವನ ಕಿವಿಗೆ ವ್ಯತ್ಯಾಸ ಸಿಕ್ಕಿತು. ರೋಗದ ಕೆಮ್ಮು ಎದೆಯಿಂದ ಏಳುತ್ತಿತ್ತು. ವಾಲ್ವಿನ ಕೆಮ್ಮು ಗಂಟಲಿಂದ ಬರುತ್ತಿತ್ತು, ಅದು ಬಂದಾಗ ಅಜ್ಜ ತನಗೇನೂ ಗೊತ್ತಿಲ್ಲ ಎಂಬಂತೆ ಆಕಾಶ ನೋಡುತ್ತಿದ್ದ.

ಕಿವಿ ಅವನ ಕಸುಬಿನ ಅರ್ಧ. ಗುರುತು ಹಾಕಿದ ಜಾಗದಲ್ಲಿ ಕೋಲನ್ನು ನೆಲಕ್ಕೆ ಊರಿ, ಅಡ್ಡಪಟ್ಟಿಗೆ ಕಿವಿ ಹಚ್ಚಿ, ಒಳಗೆ ನೀರು ಹರಿಯುವುದನ್ನು ಕೇಳುತ್ತಿದ್ದ. ಸದ್ದು ತೀರಾ ಸಣ್ಣದಾದರೆ ಕೋಲು ಬದಿಗಿಟ್ಟು ರಸ್ತೆಗೇ ಕಿವಿ ಹಚ್ಚಿ ಮಲಗಿಬಿಡುತ್ತಿದ್ದ. ಮೊದಮೊದಲು ಜನ ದಾಟಿಕೊಂಡು ಹೋದರು. ಒಬ್ಬ ಪೊಲೀಸಿನವನು ಬಗ್ಗಿ ಬಾಯಿ ಮೂಸಿ ನೋಡಿದ. ಛಾಪಖಾನೆಯ ಬೀದಿಯಲ್ಲಿ ಒಬ್ಬಾಕೆ ಯಾರಿಗೋ ತಲೆಸುತ್ತು ಬಂದಿದೆಯೆಂದು ತಲೆದಿಂಬು ತಂದು ಕೊಟ್ಟಳು. ಅದು ಇವನಿಗೆ ಅನುಕೂಲವಾಗಿ ಕಂಡು, ಆಮೇಲೆ ಆ ಬೀದಿಗೆ ಹೋದಾಗಲೆಲ್ಲ ಬಾಗಿಲು ತಟ್ಟಿ, "ಅಕ್ಕಾ, ದಿಂಬು," ಅನ್ನುತ್ತಿದ್ದ. ಮೂರನೇ ವಾರ ಆಕೆ ದಿಂಬಿಗೆ ಹೊಸ ಗವಸು ಹಾಕಿದ್ದಳು.

ಊರಿನ ಬಗ್ಗೆ ಅವನು ನನ್ನ ಹತ್ತಿರ ಬಂದು ಹೇಳುತ್ತಿದ್ದದ್ದೆಲ್ಲ ನೆಲದ ಕೆಳಗಿನ ಸುದ್ದಿ. ಬೇಕರಿಯ ಬೀದಿ ಬೆಳಗ್ಗೆ ಐದಕ್ಕೆ ಗೊರಕೆ ಹೊಡೆಯುತ್ತದೆ. ಶಾಲೆಯ ಬೀದಿ ಹತ್ತೂವರೆಗೆ ಒಮ್ಮೆಲೇ ಕಿರುಚುತ್ತದೆ, ಮುನ್ನೂರು ಮಕ್ಕಳು ಒಟ್ಟಿಗೆ ಕೈ ತೊಳೆಯುವುದರಿಂದ. ಡಾಕ್ಟರ ಬೀದಿಯಲ್ಲಿ ಒಂದು ಮನೆಯ ನಲ್ಲಿ ಬಿಕ್ಕಳಿಸುತ್ತದೆ. ನಾನು ಈ ಊರಲ್ಲೇ ಹುಟ್ಟಿ, ಇದೇ ರಸ್ತೆಗಳ ಮೇಲೆ ಎದೆಯುಬ್ಬಿಸಿ ಮೆರವಣಿಗೆ ಹೋದವನು, ಲಾಠಿ ತಿಂದು ಇದೇ ರಸ್ತೆಗಳ ಮೇಲೆ ಬಿದ್ದವನು. ಬಿದ್ದಾಗಲೂ ನನಗೆ ಇದೊಂದೂ ಕೇಳಿಸಿರಲಿಲ್ಲ. ಜನ ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟರು. ಎರಡು ತಿಂಗಳಲ್ಲಿ ಮೂವತ್ತಾರು ವಾಲ್ವು ಸಿಕ್ಕವು. ನಾಯಿಗೂಡಿನಲ್ಲಿ ಈಗ ಆ ನಾಯಿಯ ಮೊಮ್ಮಗಳಿತ್ತು. ಅದು ಅವನ ಕಾಲಿಗೆ ಕಚ್ಚಿ ಆಮೇಲೆ ಗೆಳೆತನ ಮಾಡಿತು.

ಉಳಿದದ್ದು ಇಪ್ಪತ್ಮೂರು.

ಕೆಳಬೀದಿಯ ಉದ್ದಕ್ಕೂ ಅಜ್ಜ ರೋಗದ ಕೆಮ್ಮನ್ನೇ ಕೆಮ್ಮಿದ, ಗಂಟಲಿಂದ ಒಂದೂ ಬರಲಿಲ್ಲ. ಕಿವಿಯಣ್ಣ ಕೋಲು ಊರಿ ಕೇಳಿದರೆ ಅಲ್ಲೂ ಸದ್ದಿಲ್ಲ. ಅರ್ಧ ತೆರೆದ ವಾಲ್ವು ಗೊಣಗುತ್ತದೆ, ಸೀಟಿ ಹೊಡೆಯುತ್ತದೆ. ಪೂರ್ತಿ ತೆರೆದದ್ದು ತೆಪ್ಪಗಿರುತ್ತದೆ, ನೀರು ಅದರೊಳಗೆ ಸುಮ್ಮನೆ ಹಾದುಹೋಗುತ್ತದೆ.

ಅಲ್ಲಿಂದ ಶುರುವಾಯಿತು ನೋಡಿ ಕೆಳಬೀದಿಯ ಪ್ರೀತಿ. ಇಡೀ ಊರಲ್ಲಿ ಅವನನ್ನು ಕೂರಿಸಿ ಮಾತಾಡಿಸಿದ ಬೀದಿ ನಮ್ಮದೇ. "ಬನ್ನಿ ಕಿವಿಯಣ್ಣಾ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ," ಅಂತ ದರ್ಜಿ ಕರೆದ. ದಿನಸಿ ಅಂಗಡಿಯಾಕೆ ಚಹಾ ಕೊಟ್ಟಳು. ಪ್ರತಿಯೊಬ್ಬರಿಗೂ ವಾಲ್ವಿನ ಬಗ್ಗೆ ಒಂದೊಂದು ನೆನಪು. "ನಮ್ಮಪ್ಪ ಹೇಳ್ತಿದ್ದರು, ಹಿಟ್ಟಿನ ಗಿರಣಿಯ ಹಿಂದೆ ಇತ್ತಂತೆ." ಅಗೆದ. ಇಲ್ಲ. "ಅಯ್ಯೋ, ಹಳೇ ಗಿರಣಿಯ ಹಿಂದೆ!" ಅಗೆದ. ಇಲ್ಲ. ಅವನು ಅಗೆದ ಗುಂಡಿಯನ್ನು ಮುಚ್ಚಲು ಬೀದಿಯ ಗಂಡಸರೆಲ್ಲ ಸಲಿಕೆ ಹಿಡಿದು ಬಂದರು. ಇಂಥ ಒಗ್ಗಟ್ಟು ನಾನು ಮುಷ್ಕರದಲ್ಲೂ ಕಂಡಿರಲಿಲ್ಲ. ಕಟಿಂಗ್ ಶಾಪಿನವನಂತೂ ದಿನಬಿಟ್ಟು ದಿನ ಪುಕ್ಕಟೆ ಮುಖಕ್ಷೌರ ಮಾಡಿದ. ಬಾಗಿಲ ಬಳಿ ಮರದ ಸ್ಟೂಲ್ ಹಾಕಿ, "ಇಲ್ಲಿ ಗಾಳಿ ಬರುತ್ತೆ, ಇಲ್ಲೇ ಕೂತ್ಕೊಳ್ಳಿ," ಅನ್ನುತ್ತಿದ್ದ.

ಕೊಡ ಹೊತ್ತು ಬರುತ್ತಿದ್ದ ಹೆಂಡತಿ ಇದನ್ನೆಲ್ಲ ನೋಡಿದಳು.

"ರೀ, ಅವರು ನಿಮಗೆ ಚಹಾ ಕೊಡ್ತಿರೋದು ನೀವು ಹುಡುಕಬಾರದು ಅಂತ."

"ಈ ಊರಲ್ಲಿ ನನ್ನ ಮುಖ ನೋಡಿ ನಗೋ ಬೀದಿ ಇರೋದು ಅದೊಂದು. ಅದಕ್ಕೂ ಕಲ್ಲು ಹಾಕ್ತೀಯಾ?"

"ನಗಲಿ ಬಿಡ್ರೀ. ಅರವತ್ತೆರಡು ಮೆಟ್ಟಿಲು ಹತ್ತೋದು ನಾನು."

ಅತ್ತೆ ಒಳಗಿಂದ, "ಅವರ ಮುಖ ನೋಡು, ಎಷ್ಟು ನುಣ್ಣಗಾಗಿದೆ. ದಿನಾ ಕ್ಷೌರ. ನನ್ನ ಮಗಳ ತಲೆ ಮೇಲೆ ಸಿಂಬಿ ಇಟ್ಟು ಇಟ್ಟು ಕೂದಲೇ ಉದುರಿಹೋಯ್ತು," ಅಂದಳು.

ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಎದ್ದು ಎಲ್ಲಿಗೆ ಹೋದ? ಕೆಳಬೀದಿಗೇ. ಅಲ್ಲಿ ಮತ್ತೆ ಚಹಾ ಕುಡಿದ.

ಗಡುವಿನ ಹಿಂದಿನ ದಿನ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಸಣ್ಣ ವಯಸ್ಸು, ಕೈಯಲ್ಲಿ ಪಟ್ಟಿ, ಬೂಟಿನ ಮೇಲೆ ವಿಪರೀತ ಪ್ರೀತಿ. ಮೂವತ್ತಾರು ವಾಲ್ವು ತೆರೆದು ಮುಚ್ಚಿ ತೋರಿಸಿದ್ದಾಯಿತು. "ಇನ್ನೊಂದು?" ಅಂದರು.

"ನಾಳೆ ಸಾರ್."

"ನಾಳೆ ಹನ್ನೊಂದು ಗಂಟೆಗೆ ಬರ್ತೀನಿ. ತೋರಿಸಿದರೆ ತೋರಿಸಿದೆ, ಇಲ್ಲದಿದ್ದರೆ ಕೀಲಿಯನ್ನ ಗುಮಾಸ್ತರ ಕೈಗೆ ಕೊಟ್ಟು ಸಹಿ ಹಾಕಿ ಹೋಗು."

ಮರುದಿನ ಬೆಳಗ್ಗೆ ಹೆಂಡತಿ ಗಂಟಿನ ಹಗ್ಗವನ್ನು ಒಮ್ಮೆ ಜಗ್ಗಿ ಬಿಗಿ ಇದೆಯಾ ಅಂತ ನೋಡಿದಳು. ಆಮೇಲೆ, "ಕೆಲಸ ಹೋಗೋ ದಿನವಾದರೂ ಮುಖ ನೆಟ್ಟಗಿರಲಿ, ಹೋಗಿ ಕ್ಷೌರ ಮಾಡಿಸ್ಕೊಂಡು ಬನ್ನಿ," ಅಂದಳು.

ಅವನು ಕಟಿಂಗ್ ಶಾಪಿಗೆ ಬಂದಾಗ ಹತ್ತೂಕಾಲು. ನಾನು ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಕನ್ನಡಿಯ ಮುಂದಿನ ದೊಡ್ಡ ಕಬ್ಬಿಣದ ಕುರ್ಚಿಯಲ್ಲಿ ಕೆಮ್ಮಜ್ಜ ಕಣ್ಣುಮುಚ್ಚಿ ಕೂತಿದ್ದ, ಮುಖದ ತುಂಬ ನೊರೆ. ಶಾಪಿನವನು ಕತ್ತಿ ಆಡಿಸುತ್ತಿದ್ದ. ಕಿವಿಯಣ್ಣ ನನ್ನ ಪಕ್ಕ ಕೂತ. ಕೋಲು ಮೊಣಕಾಲ ನಡುವೆ.

ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಅವನು ತಲೆ ಎತ್ತಿದ.

"ಅಧ್ಯಕ್ಷರೇ, ಅಜ್ಜ ಕೆಮ್ತಿಲ್ಲ."

"ಗಂಟಲ ಮೇಲೆ ಕತ್ತಿ ಇದೆಯಪ್ಪಾ. ಕೆಮ್ಮಿದರೆ ಅದೇ ಕೊನೆ ಕೆಮ್ಮು."

"ಕತ್ತಿ ಈಗ ಗಂಟಲ ಮೇಲಿಲ್ಲ. ಅವನು ಕತ್ತಿ ಮಸೀತಿದ್ದಾನೆ."

ನಿಜ. ಶಾಪಿನವನು ಮೂಲೆಯಲ್ಲಿ ಚರ್ಮದ ಪಟ್ಟಿಗೆ ಕತ್ತಿ ಉಜ್ಜುತ್ತಿದ್ದ. ಕೆಮ್ಮಜ್ಜ ಕುರ್ಚಿಯ ಹಿಡಿಗಳನ್ನು ಗಟ್ಟಿಯಾಗಿ ಹಿಡಿದು, ಮುಖ ಕೆಂಪು ಮಾಡಿಕೊಂಡು, ಉಸಿರು ಬಿಗಿಹಿಡಿದಿದ್ದ. ಎರಡು ತಿಂಗಳು ಎಲ್ಲೆಲ್ಲಿ ಕೆಮ್ಮಬೇಕು ಎಂದು ಲೆಕ್ಕ ಹಾಕಿದವನು ಇಲ್ಲಿ ಕೆಮ್ಮಬಾರದೆಂದು ಸಾಯುತ್ತಿದ್ದ. ಕ್ಷೌರ ಮುಗಿದು ಕುರ್ಚಿಯಿಂದ ಇಳಿದು ಹೊಸ್ತಿಲು ದಾಟಿದ್ದೇ ತಡ, ಕೂಡಿಟ್ಟಿದ್ದನ್ನೆಲ್ಲ ಒಟ್ಟಿಗೆ ಕೆಮ್ಮಿ ಕಂಬ ಹಿಡಿದು ನಿಂತ.

ಕಿವಿಯಣ್ಣನ ಕಣ್ಣು ಕುರ್ಚಿಯ ಮೇಲಿತ್ತು. ಅದು ತಿರುಗುವ ಕುರ್ಚಿ. ಆದರೆ ಶಾಪಿನವನು ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರಬೇಕಾದರೆ ತಾನೇ ಸುತ್ತು ಹಾಕುತ್ತಿದ್ದ. ಕನ್ನಡಿಗೂ ಕುರ್ಚಿಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿದ್ದ. ನಾನು ಮೂವತ್ತು ವರ್ಷ ನೋಡಿದ್ದೆ. ಅವನ ನಡಿಗೆಯೇ ಹಾಗೆ ಅಂದುಕೊಂಡಿದ್ದೆ.

ಶಾಪಿನವನು ಬಿಸಿನೀರು ತರಲು ಹಿತ್ತಲಿಗೆ ಹೋದ. ಕಿವಿಯಣ್ಣ ಎದ್ದು, ಕೋಲನ್ನು ಬಾಗಿಲಿಗೆ ಒರಗಿಸಿ, ಹೋಗಿ ಆ ಕುರ್ಚಿಯಲ್ಲಿ ಕೂತ. ವಾಪಸು ಬಂದ ಶಾಪಿನವನು ಚೊಂಬು ಕೆಳಗಿಟ್ಟು ಸ್ಟೂಲನ್ನು ಮುಂದಕ್ಕೆ ಎಳೆದ.

"ಅಣ್ಣಾ, ಸ್ಟೂಲಿಗೆ ಬನ್ನಿ. ಗಾಳಿ ಬರುತ್ತೆ."

"ಇವತ್ತು ಗಾಳಿ ಬೇಡ. ಇಲ್ಲೇ ಮಾಡು."

ಶಾಪಿನವನು ನನ್ನ ಮುಖ ನೋಡಿದ. ನಾನು ಕ್ಯಾಲೆಂಡರ್ ನೋಡಿದೆ. ಬೇರೆ ದಾರಿಯಿಲ್ಲದೆ ನೊರೆ ಹಚ್ಚತೊಡಗಿದ. ಅರ್ಧ ಮುಖಕ್ಕೆ ನೊರೆ ಬಂದಾಗ ಕಿವಿಯಣ್ಣ, "ಕಣ್ಣಿಗೆ ಬೆಳಕು ಹೊಡೀತಿದೆ. ಕುರ್ಚಿ ಸ್ವಲ್ಪ ಬಲಕ್ಕೆ ತಿರುಗಿಸು," ಅಂದ.

"ಈ ಕುರ್ಚಿ ತಿರುಗಲ್ಲ ಅಣ್ಣಾ."

"ತಿರುಗೋ ಕುರ್ಚಿ ಅಲ್ವಾ ಇದು?"

"ಹೌದು, ತಿರುಗೋ ಕುರ್ಚಿನೇ. ತಿರುಗಲ್ಲ, ಅಷ್ಟೇ."

ಕಿವಿಯಣ್ಣ ಒಂದು ಕಾಲನ್ನು ನೆಲಕ್ಕಿಟ್ಟು ಒದ್ದ. ಕುರ್ಚಿ ಕಿರ್ರೆಂದಿತು. ಮೂವತ್ತು ವರ್ಷದ ತುಕ್ಕು ಒಮ್ಮೆ ಹಿಡಿದು, ಒಮ್ಮೆ ಬಿಟ್ಟು, ಕಾಲು ಸುತ್ತು ತಿರುಗಿತು. ಅವನ ಮುಖದ ಮೇಲೆ, ನೊರೆ ಇಲ್ಲದ ಅರ್ಧದಲ್ಲಿ, ಒಂದು ಬೆಳಕು ಬಂತು. ಇಪ್ಪತ್ತೆರಡು ವರ್ಷ ಅಂಗೈಗೆ ಗೊತ್ತಿದ್ದ ಆ ಬಿಗಿ ಈಗ ಅವನ ಕುಂಡೆಗೆ ಗೊತ್ತಾಗಿತ್ತು. ನೀರಿನ ವಾಲ್ವು ಹಿಡಿಯುವ ಹಾಗೆ ಲೋಕದಲ್ಲಿ ಬೇರೆ ಯಾವುದೂ ಹಿಡಿಯುವುದಿಲ್ಲವಂತೆ.

ಆಮೇಲೆ ತಿಳಿದದ್ದು: ಮುಷ್ಕರದ ರಾತ್ರಿ ಕೆಮ್ಮಜ್ಜ ಇಪ್ಪತ್ಮೂರನ್ನು ಪೂರ್ತಿ ತೆರೆದು, ಮುಚ್ಚಳ ಕಿತ್ತು, ಕಟಿಂಗ್ ಶಾಪನ್ನು ಒಂದು ಮಾರು ಮುಂದಕ್ಕೆ ಬೆಳೆಸಿ, ಕುರ್ಚಿಯ ಕಬ್ಬಿಣದ ಕಾಲನ್ನು ನೇರವಾಗಿ ವಾಲ್ವಿನ ತಲೆಗೆ ಕೂರಿಸಿದ್ದ. ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಅದಕ್ಕೇ ಕುರ್ಚಿ ತಿರುಗಿಸಬಾರದು ಎಂಬುದು ಶಾಪಿನ ನಿಯಮವಾಯಿತು.

"ಅಣ್ಣಾ ಬೇಡ! ಅಧ್ಯಕ್ಷರೇ, ನೀವಾದರೂ ಹೇಳಿ!" ಶಾಪಿನವನು ಕುರ್ಚಿಯ ಬೆನ್ನು ತಬ್ಬಿಕೊಂಡ. "ಕಚೇರಿಯೋರಿಗೆ ಗೊತ್ತಾದರೆ ನನ್ನ ಅಂಗಡಿ ಒಡೀತಾರೆ!"

ಕಿವಿಯಣ್ಣ ಕಾಲು ನಿಲ್ಲಿಸಿದ. "ಒಂದು ತಿಂಗಳು ನನ್ನ ಗಲ್ಲ ಸವರಿದೆಯಲ್ಲೋ. ನಾನು ನಿನ್ನ ಸ್ನೇಹಿತ ಅಂದುಕೊಂಡಿದ್ದೆ."

"ಸ್ನೇಹಿತನೇ ಅಣ್ಣಾ. ಸ್ಟೂಲಿನ ಮೇಲೆ ಕೂತಿರೋವರೆಗೆ."

ಆ ಹೊತ್ತಿಗೆ ಹೊರಗೆ ಜೀಪು ನಿಂತಿತು. ಇಂಜಿನಿಯರ್ ಸಾಹೇಬರು ಬೂಟು ನೋಡಿಕೊಂಡು ಕೆಳಗಿಳಿದು, ಬಾಗಿಲಿಗೆ ಒರಗಿದ್ದ ಕೋಲನ್ನು ಗುರುತಿಸಿ ತಲೆ ಒಳಗೆ ಹಾಕಿದರು.

"ಏನಯ್ಯಾ, ಕೆಲಸ ಉಳಿಸಿಕೊಳ್ಳೋ ದಿನ ಕ್ಷೌರಕ್ಕೆ ಕೂತಿದ್ದೀಯಾ? ಇಪ್ಪತ್ಮೂರು ಎಲ್ಲಿ?"

ಕಿವಿಯಣ್ಣ ಶಾಪಿನವನನ್ನು ನೋಡಿದ. ಶಾಪಿನವನ ಕಣ್ಣಲ್ಲಿ ನೀರು. ಬಾಗಿಲಾಚೆ ಮೆಟ್ಟಿಲ ಬುಡದಲ್ಲಿ ಅವನ ಹೆಂಡತಿ ಎರಡು ಕೊಡ ಕೆಳಗಿಟ್ಟು, ಸೊಂಟ ಹಿಡಿದು, ಮೇಲಕ್ಕೆ ನೋಡುತ್ತಿದ್ದಳು.

"ಕೂತಿದ್ದೀನಿ ಸಾರ್," ಅಂದ.

"ಅದು ಕಾಣ್ತಿದೆ. ವಾಲ್ವು ಎಲ್ಲಿ ಅಂದೆ."

"ಅದರ ಮೇಲೇ ಕೂತಿದ್ದೀನಿ," ಅಂದು ನೆಲ ಒದ್ದ.

ಕುರ್ಚಿ ತಿರುಗಿತು. ಮುಖ ಸಾಹೇಬರ ಕಡೆ ಬಂತು, ಹೋಯಿತು, ಮತ್ತೆ ಬಂತು. ಒಂದು ಸುತ್ತು. ಎರಡು. ಶಾಪಿನವನು ಬೆನ್ನು ಬಿಡಲಿಲ್ಲ, ಅವನೂ ಜೊತೆಗೆ ಓಡಿದ. ಆಗ ನಾನು ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡು, "ಆವತ್ತಿನ ಸಭೆಯಲ್ಲಿ ಕಾಯ್ದಿರಿಸಿದ ನನ್ನ ಓಟನ್ನು ಈಗ ಹಾಕುತ್ತಿದ್ದೇನೆ. ಠರಾವು ರದ್ದು. ತಿರುಗಿಸು!" ಅಂದೆ. ಅಷ್ಟರಲ್ಲಿ ಅವನು ಆರು ಸುತ್ತು ತಿರುಗಿಸಿದ್ದ. ನನ್ನ ಓಟಿನಿಂದ ಏನೂ ಆಗಬೇಕಿರಲಿಲ್ಲ. ನಾನು ಹಾಕಿದ ಓಟುಗಳೆಲ್ಲ ಹೆಚ್ಚುಕಡಿಮೆ ಹೀಗೇ.

ಹದಿನಾಲ್ಕನೇ ಸುತ್ತಿಗೆ ಕುರ್ಚಿ ನಿಂತಿತು. ಹಿತ್ತಲಿನ ನಲ್ಲಿಯಲ್ಲಿ ಧಾರೆ ಎಳೆಯಾಗಿ, ಎಳೆ ಹನಿಯಾಗಿ, ನಿಂತುಹೋಯಿತು. ಕೆಳಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ದರ್ಜಿ ಮೈಗೆಲ್ಲ ಸೋಪು ಹಚ್ಚಿಕೊಂಡು, ಟವಲು ಸುತ್ತಿಕೊಂಡು ಬೀದಿಗೆ ಬಂದು, "ಯಾರಲೇ ಅದು?" ಅಂದ. ಬೀದಿ ಪೂರ್ತಿ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅರವತ್ತೆರಡು ಮೆಟ್ಟಿಲ ಮೇಲಿಂದ, ಮೊದಲು ಪೈಪಿನೊಳಗೆ ಗಾಳಿ ಕೆರಳಿದ ಸದ್ದು, ಆಮೇಲೆ ಖಾಲಿ ಪಾತ್ರೆಗೆ ನೀರು ಬಿದ್ದ ಸದ್ದು, ಅದರ ಹಿಂದೆಯೇ ಅತ್ತೆಯ ಕೂಗು:

"ಬಂತೇ! ಮಣ್ಣು ಮಣ್ಣಾಗಿ ಬಂತೇ!"

ಸಾಹೇಬರು ಪಟ್ಟಿ ತೆಗೆದರು. ಪೆನ್ನಿನ ತುದಿ ಕಚ್ಚಿದರು. ಕುರ್ಚಿ ನೋಡಿದರು, ಕುರ್ಚಿಯ ಕಾಲು ನೋಡಿದರು.

"ಇದನ್ನ ನಾನು ಹೇಗೆ ಬರೀಲಿ? ಕ್ಷೌರದ ಕುರ್ಚಿ ಅಂತ ಬರೆದರೆ ಮೇಲಿನವರು ನನ್ನನ್ನ ಹುಚ್ಚಾಸ್ಪತ್ರೆಗೆ ವರ್ಗ ಮಾಡ್ತಾರೆ."

"ನಕ್ಷೆಯಲ್ಲಿ ಗಡಿಯಾರದ ಗೋಪುರ ಅಂತಿದೆ ಸಾರ್," ಅಂದ ಕಿವಿಯಣ್ಣ.

ಸಾಹೇಬರ ಮುಖ ಅರಳಿತು. ಇಪ್ಪತ್ಮೂರರ ಎದುರು, 'ಪರಿಶೀಲಿಸಲಾಗಿದೆ, ನಕ್ಷೆಯಂತೆ ಸರಿಯಿದೆ' ಎಂದು ಬರೆದು ಸಹಿ ಹಾಕಿದರು. ಹೋಗುವಾಗ ಕೆನ್ನೆ ಸವರಿಕೊಂಡು, "ಇಲ್ಲಿ ಕಟಿಂಗ್‌ಗೆ ಎಷ್ಟು ತಗೋತೀಯಪ್ಪಾ?" ಅಂದರು. ಅಂಗಡಿ ಉಳಿಯಿತು. ವಾಲ್ವು ಈಗಲೂ ಕಾಗದದ ಮೇಲಿಲ್ಲ. ಠರಾವು ರದ್ದಾದ ಮೇಲೂ ಜಾರಿಯಲ್ಲಿರುವುದು ನನ್ನ ಹೋರಾಟದ ಬದುಕಿನಲ್ಲಿ ಅದೊಂದೇ.

ಕೆಳಬೀದಿಯವರು ಎರಡು ವಾರ ಕಿವಿಯಣ್ಣನನ್ನು ಮಾತಾಡಿಸಲಿಲ್ಲ. ದಿನಸಿ ಅಂಗಡಿಯಾಕೆ ಅವನನ್ನು ಕಂಡು ಚಹಾದ ಪಾತ್ರೆಗೆ ಮುಚ್ಚಳ ಹಾಕಿದಳು. ಅವನೂ ಕುರ್ಚಿ ತಿರುಗಿಸಿದ್ದೇ ತಡ, ಅಲ್ಲಿ ನಿಲ್ಲುತ್ತಿರಲಿಲ್ಲ. ಛಾಪಖಾನೆಯ ಬೀದಿಗೆ ಹೋಗಿ ದಿಂಬು ಕೇಳಿ, ಕೆಲಸವಿಲ್ಲದಿದ್ದರೂ ರಸ್ತೆಯಲ್ಲಿ ಮಲಗಿ ಎದ್ದು ಬರುತ್ತಿದ್ದ. ಹೆಂಡತಿ ಗಂಟು ಬಿಚ್ಚಿದಳು. ಒಳಗೆ ಹದಿನೇಳು ಪಾತ್ರೆ ಇದ್ದವು, ಎಲ್ಲವನ್ನೂ ಒಂದೇ ದಿನ ತುಂಬಿಸಿಟ್ಟಳು, ನಾಳೆ ನೀರು ಬರುತ್ತದೋ ಇಲ್ಲವೋ ಎಂಬ ಅನುಮಾನದಿಂದ.

ಈಗ ಬೆಳಗ್ಗೆ ಆರರಿಂದ ಎಂಟು ಮೇಲ್ಬೀದಿಗೆ, ಆಮೇಲೆ ಕೆಳಗಿನವರಿಗೆ. ದಿನಕ್ಕೆ ಎರಡು ಸಲ ಕುರ್ಚಿ ತಿರುಗಬೇಕು. ಮೇಲ್ಬೀದಿಯ ಗಂಡಸರು ತಮ್ಮ ನೀರು ತಾವೇ ನೋಡಿಕೊಳ್ಳಲು ಕ್ಷೌರಕ್ಕೆ ಇಲ್ಲಿಗೇ ಇಳಿದು ಬರುವುದರಿಂದ ಶಾಪಿನವನಿಗೆ ಉಸಿರಾಡಲು ಬಿಡುವಿಲ್ಲ. ಹದಿನೈದನೆಯ ದಿನ ಅವನೇ ಕಿವಿಯಣ್ಣನ ಮನೆ ಬಾಗಿಲಿಗೆ ಬಂದು ನಿಂತು, ಬೇರೆ ಕಡೆ ನೋಡುತ್ತಾ, "ಗಡ್ಡ ಬೆಳೆದಿದೆ ನಿಮಗೆ," ಅಂದನಂತೆ.

ಕಿವಿಯಣ್ಣ ಮರುದಿನ ಬೆಳಗ್ಗೆ ಆರಕ್ಕೆ ಹೋದರೆ ಕುರ್ಚಿಯಲ್ಲಿ ಕೆಮ್ಮಜ್ಜ ಕೂತಿದ್ದ. ಇಳಿಯಲು ಒಪ್ಪಲಿಲ್ಲ.

"ಇಳಿ ಅಜ್ಜಾ, ನೀರು ಬಿಡಬೇಕು."

"ಇದನ್ನ ತೆರೆದೋನು ನಾನು. ಮುಚ್ಚುವಾಗ ನಾನಿಲ್ಲದೆ ಮುಚ್ತೀಯಾ? ತಿರುಗಿಸು."

ಕಿವಿಯಣ್ಣ ಕುರ್ಚಿಯ ಹಿಡಿ ಹಿಡಿದು, ಅಜ್ಜನ ಸಮೇತ ತಿರುಗಿಸತೊಡಗಿದ. ಅಜ್ಜ ಈಗ ಉಸಿರು ಬಿಗಿಹಿಡಿಯಬೇಕಾಗಿರಲಿಲ್ಲ. ಸುತ್ತಿಗೊಂದರಂತೆ ಕೆಮ್ಮಿದ, ಎದೆಯಿಂದ. ಹದಿನಾಲ್ಕನೇ ಕೆಮ್ಮಿಗೆ ಕುರ್ಚಿ ನಿಂತಿತು. ಮೇಲಿಂದ ಅತ್ತೆಯ ದನಿ ಬೀದಿಯೆಲ್ಲ ಕೇಳುವಂತೆ ಇಳಿದು ಬಂತು:

"ಅಳಿಯಂದ್ರೇ, ಸಣ್ಣಗೆ ಬರ್ತಿದೆ! ಇನ್ನರ್ಧ ಸುತ್ತು ಬಿಗಿ ಮಾಡಿ, ಕೈಯಲ್ಲಿ ಜೀವ ಇಲ್ವಾ?"